ಚಪ್ಪರದ ಲೆಕ್ಕ

ಈಚೆಗೆ ಮನೆಗೆ ಬರುವ ಲಗ್ನಪತ್ರಿಕೆಗಳಲ್ಲಿ ಒಂದು ಹೊಸ ಮಾತು ಸೇರಿಕೊಂಡಿದೆ. ಸ್ಥಳ ಎಂದು ಬರೆದಿರುವ ಕಡೆ ಕಲ್ಯಾಣ ಮಂಟಪದ ಹೆಸರಿನ ಬದಲು 'ಗಾರ್ಡನ್', 'ಲಾನ್', 'ಫಾರ್ಮ್' ಎಂದು ಅಚ್ಚಾಗಿರುತ್ತದೆ. ಬೆಂಗಳೂರಿನಿಂದ ಹೊರಟ ಈ ಶೋಕಿ ಹೆದ್ದಾರಿ ಹಿಡಿದು ಹಿರಿಯೂರು ದಾಟಿ ಚಿತ್ರದುರ್ಗಕ್ಕೂ ಬಂದಿದೆ. ಬಯಲಿನಲ್ಲಿ ಮದುವೆಯಾಗುವುದು ಯಾವುದೋ ಸಿನಿಮಾದಿಂದ ಇಳಿದುಬಂದ ಸಂಗತಿ ಎಂಬಂತೆ ನಮ್ಮ ಶಾಲೆಯ ಕಿರಿಯ ಶಿಕ್ಷಕಿಯರು ಕಣ್ಣರಳಿಸಿ ಮಾತಾಡುತ್ತಾರೆ. ನಿಜ ಹೇಳಬೇಕೆಂದರೆ ನಮ್ಮ ಸೀಮೆಯಲ್ಲಿ ಮದುವೆ ಸೂರಿನೊಳಗೆ ಹೋದದ್ದೇ ತೀರ ಈಚೆಗೆ. ನನ್ನ ತಾಯಿಯ ಕಾಲದವರೆಗೂ ಹಳ್ಳಿಗಳಲ್ಲಿ ಮದುವೆ ಎಂದರೆ ಬಯಲೇ, ಮನೆಮುಂದಿನ ಚಪ್ಪರವೇ.

ನಾನು ಹೇಳುತ್ತಿರುವುದು ನಾಲ್ಕು ತಾಲ್ಲೂಕುಗಳ ಮಾತು. ಹುಟ್ಟಿದ್ದು ಹಿರಿಯೂರು ತಾಲ್ಲೂಕಿನ ಹಳ್ಳಿಯಲ್ಲಿ, ಕೆಲಸಕ್ಕೆ ಸೇರಿದ್ದು ಹೊಳಲ್ಕೆರೆ ಕಡೆ, ವರ್ಗವಾಗಿ ಹೋದದ್ದು ಹೊಸದುರ್ಗಕ್ಕೆ, ಮನೆ ಮಾಡಿಕೊಂಡದ್ದು ಚಿತ್ರದುರ್ಗದಲ್ಲಿ. ಸಮಾಜ ವಿಜ್ಞಾನದ ಮೇಡಂ ಆಗಿ ಪಾಳೆಯಗಾರರ ಇಸವಿಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಆದರೆ ಒಂದು ಸಂಸಾರ ತನ್ನ ಆಯುಷ್ಯದಲ್ಲಿ ಮಾಡುವ ಅತಿ ದೊಡ್ಡ ಖರ್ಚಿಗೂ ಒಂದು ಇತಿಹಾಸವಿದೆ ಎಂಬುದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಅದು ಇರುವುದು ಅಜ್ಜಿಯರ ಬಾಯಲ್ಲಿ, ಟ್ರಂಕಿನ ತಳದಲ್ಲಿ ಮಡಿಸಿಟ್ಟ ಮುಯ್ಯಿ ಪುಸ್ತಕಗಳಲ್ಲಿ.

ಮೊದಲು ಚಪ್ಪರದ ಮಾತು. ನಮ್ಮದು ಮಳೆ ಕಡಿಮೆಯ ಜಿಲ್ಲೆ. ಅದನ್ನು ನಾವು ಶಾಪ ಎಂದುಕೊಂಡರೂ ಬಯಲ ಮದುವೆಗೆ ಅದೇ ವರವಾಗಿತ್ತು. ಪುಷ್ಯಮಾಸ ಕಳೆದು ಮಾಘ ಹುಟ್ಟುವ ಹೊತ್ತಿಗೆ ರಾಗಿ, ಜೋಳ, ಕಡಲೆಕಾಯಿ ಕಣದಿಂದ ಮನೆ ಸೇರಿರುತ್ತಿತ್ತು. ಕೈಯಲ್ಲಿ ನಾಲ್ಕು ಕಾಸು, ಗಾಡಿ ಎತ್ತುಗಳಿಗೆ ಬಿಡುವು, ಆಳುಕಾಳಿಗೂ ಬಿಡುವು. ಮಾಘ, ಫಾಲ್ಗುಣ, ವೈಶಾಖಗಳಲ್ಲಿ ಲಗ್ನ ಹೆಚ್ಚು ಎಂದು ಪಂಚಾಂಗ ಹೇಳುವುದಕ್ಕೂ ರೈತನ ಕಣ ಖಾಲಿಯಾಗುವುದಕ್ಕೂ ಹೊಂದಿಕೆಯಿತ್ತು. ಆಷಾಢದಲ್ಲಿ ಮದುವೆ ಕೂಡದು ಎಂಬ ಶಾಸ್ತ್ರದ ಹಿಂದೆ ಬಿತ್ತನೆಯ ಗಡಿಬಿಡಿಯೂ ಇತ್ತೆಂದು ನನ್ನ ಅನುಮಾನ.

ಚಪ್ಪರದ ಸೊಪ್ಪು ಊರೂರಿಗೆ ಬೇರೆ. ಹೊಳಲ್ಕೆರೆ ಕಡೆ ಅಡಿಕೆ ತೋಟ ಹೆಚ್ಚು, ಅಲ್ಲಿ ಅಡಿಕೆ ದಬ್ಬೆಯ ಹಂದರ, ಮೇಲೆ ಸೋಗೆ. ಹೊಸದುರ್ಗದಲ್ಲಿ ತೆಂಗಿನ ಗರಿ. ಹೆಂಗಸರು ಮಕ್ಕಳೆಲ್ಲ ಕೂತು ಎರಡು ದಿನ ಮುಂಚೆಯೇ ಗರಿ ಹೆಣೆಯುತ್ತಿದ್ದರು. ನಮ್ಮ ಹಿರಿಯೂರಿನ ಒಣ ಹಳ್ಳಿಗಳಲ್ಲಿ ಹೊಂಗೆ, ಬೇವು. ಬೇಸಿಗೆಯ ಮಧ್ಯಾಹ್ನ ಹೊಂಗೆಯ ಹಸಿರು ಚಪ್ಪರದಡಿ ಒಮ್ಮೆ ಕೂತು ನೋಡಿ, ಫ್ಯಾನು ಏಕೆ ಬೇಕು ಎನಿಸುತ್ತದೆ. ಸೊಪ್ಪು ಬಾಡುವುದು ಎರಡು ಮೂರು ದಿನಕ್ಕೆ, ಮದುವೆ ಮುಗಿಯುವುದೂ ಅಷ್ಟಕ್ಕೇ. ಚಪ್ಪರಕ್ಕೆ ಮೊದಲು ನೆಡುವುದು ಹಾಲುಗಂಬ. ಅತ್ತಿ, ಆಲ, ಹೀಗೆ ಹಾಲು ಸುರಿಸುವ ಮರದ ಕೊಂಬೆಯೇ ಆಗಬೇಕು. ಅದನ್ನು ತರುವವನು ಸೋದರಮಾವ, ಬುಡಕ್ಕೆ ಹಾಲು ತುಪ್ಪ ಬಿಡುವವರು ಮುತ್ತೈದೆಯರು, ನವಧಾನ್ಯದ ಗಂಟು ಕಟ್ಟುವವರು ಮನೆಯ ಹಿರಿಯರು. ಕಂಬ ನೆಟ್ಟ ಮೇಲೆ ಆ ಅಂಗಳ ಅಂಗಳವಲ್ಲ, ಮಂಟಪ.

ಹೊಳಲ್ಕೆರೆಯಲ್ಲಿ ನಾನಿದ್ದಾಗ ಗಮನಿಸಿದ್ದು: ಆ ಊರಿನ ಹೆಸರಾಂತ ದೇವರೇ ಬಯಲು ಗಣಪತಿ. ಹದಿನೈದನೆಯ ಶತಮಾನದ್ದೆಂದು ಹೇಳುವ ಆ ದೊಡ್ಡ ವಿಗ್ರಹಕ್ಕೆ ಬಯಲಿನ ಹೆಸರೇ ನಿಂತುಬಿಟ್ಟಿದೆ. ಮದುವೆಯ ಮೊದಲ ಪತ್ರಿಕೆಯನ್ನು ಅವನ ಮುಂದಿಟ್ಟು ಕೈಮುಗಿಯುವ ಜನ, ಅದೇ ಮದುವೆಗೆ ಬಯಲು ಸಾಲದು, ಮಂಟಪವೇ ಬೇಕು ಎಂದು ಸಾಲ ಹುಡುಕಿಕೊಂಡು ಹೋಗುವುದನ್ನೂ ಅಲ್ಲೇ ನೋಡಿದ್ದೇನೆ.

ನನ್ನ ಅಜ್ಜಿಯ ಮದುವೆ ಆದದ್ದು 1948ರಲ್ಲಿ. ಆ ಮದುವೆಯ ಮುಯ್ಯಿ ಪುಸ್ತಕ ನನ್ನ ಬಳಿ ಇದೆ. ಕಂದು ಬಣ್ಣಕ್ಕೆ ತಿರುಗಿದ ಉದ್ದನೆಯ ಲೆಕ್ಕದ ಪುಸ್ತಕ, ಶ್ಯಾನುಭೋಗರ ಮೋಡಿ ಕೈಬರಹ. ಯಾರು ಏನು ತಂದರು ಎಂಬುದೇ ಅದರ ತುಂಬ. ಒಂದು ರೂಪಾಯಿ, ಎಂಟಾಣೆ, ಐದು ತೆಂಗಿನಕಾಯಿ, ಎರಡು ಸೇರು ಬೇಳೆ, ಒಂದು ಕುಂಬಳಕಾಯಿ. ನನಗೆ ಬೆರಗಾದದ್ದು ಕೊನೆಯ ಪುಟ. ಅಲ್ಲಿ ಕಾಸೂ ಇಲ್ಲ, ಕಾಯಿಯೂ ಇಲ್ಲ. ಹೊಂಗೆ ಸೊಪ್ಪು ಗಾಡಿ ಎರಡು, ನೀರು ಹೊತ್ತವರು ಇಷ್ಟು ಮಂದಿ, ಕೊಪ್ಪರಿಗೆ ಕೊಟ್ಟ ಮನೆ, ಪೆಟ್ರೋಮ್ಯಾಕ್ಸ್ ದೀಪ ತಂದ ಮನೆ, ಹೀಗೆ ದುಡಿಮೆಯನ್ನೂ ಎರವಲನ್ನೂ ಬರೆದಿಟ್ಟಿದ್ದಾರೆ. ಮುಂದೆ ಅವರ ಮನೆಯಲ್ಲಿ ಶುಭಕಾರ್ಯವಾದಾಗ ಅಷ್ಟನ್ನೇ, ಸಾಧ್ಯವಾದರೆ ಒಂದು ಹಿಡಿ ಹೆಚ್ಚಾಗಿ, ತೀರಿಸಬೇಕು. ಇದು ದಾನವಲ್ಲ, ಸಾಲವೂ ಅಲ್ಲ. ಬಡ್ಡಿಯಿಲ್ಲದ ಚೀಟಿ ಎನ್ನಬಹುದೇನೋ. ಇವತ್ತು ಬಜೆಟ್ ಎಂದು ನಾವು ಕರೆಯುವ ಪಟ್ಟಿಯಲ್ಲಿ ಶಾಮಿಯಾನ, ಕುರ್ಚಿ, ಪಾತ್ರೆ, ದೀಪ, ಬಡಿಸುವವರು ಎಂದು ಒಂದೊಂದಕ್ಕೂ ರೂಪಾಯಿ ಹಾಕುತ್ತೇವಲ್ಲ, ಅವೆಲ್ಲ ಅಂದು ಕೈಬದಲಾಗಿ ನಡೆಯುತ್ತಿದ್ದವು.

ಹಾಗೆಂದು ಹಳೆಯದನ್ನೆಲ್ಲ ಹೊಗಳಿ ಅಟ್ಟಕ್ಕೇರಿಸುವ ಜಾತಿ ನನ್ನದಲ್ಲ. ಮೂರು ದಿನದ ಆ ಮದುವೆಗಳಲ್ಲಿ ಹೊಗೆಯೊಲೆಯ ಮುಂದೆ ಬೆಂದವರು ಯಾರು? ಹೆಂಗಸರೇ. ಧಾರೆಯ ಹೊತ್ತಿಗೆ ಹೊರಗೆ ಬಂದು ಅಕ್ಷತೆ ಹಾಕುವುದಕ್ಕೂ ಅವರಿಗೆ ಪುರುಸೊತ್ತಿರುತ್ತಿರಲಿಲ್ಲ. ಅಜ್ಜಿಗೆ ಮದುವೆಯಾದಾಗ ವಯಸ್ಸು ಹದಿಮೂರು; ಶಾರದಾ ಕಾಯ್ದೆ ಬಂದು ಹತ್ತೊಂಬತ್ತು ವರ್ಷವಾಗಿದ್ದರೂ ನಮ್ಮ ಹಳ್ಳಿಗೆ ಅದರ ಸುದ್ದಿ ಬಂದಿರಲಿಲ್ಲ. ಚಪ್ಪರಕ್ಕೆ ಗುಣಿ ತೋಡಿದವರು, ಸೊಪ್ಪು ಹೊತ್ತು ತಂದವರು ಅದೇ ಚಪ್ಪರದ ನೆರಳಿನಲ್ಲಿ ಊಟಕ್ಕೆ ಕೂರುವಂತಿರಲಿಲ್ಲ. ಬಿಸಿಲಿನಲ್ಲಿ, ದೂರದಲ್ಲಿ, ಎಲ್ಲರದಾದ ಮೇಲೆ ಅವರ ಪಂಕ್ತಿ. ಮುಯ್ಯಿ ಪುಸ್ತಕದ ಕೊನೆಯ ಪುಟದಲ್ಲೂ ಅವರ ಹೆಸರಿಲ್ಲ.

ಇನ್ನು ಗಂಡಿನ ಉಡುಪು. ಮದುವೆಯ ಮಾತು ಬಂದರೆ ನಾವು ಸೀರೆ ಒಡವೆಯನ್ನೇ ಆಡುತ್ತೇವೆ. ಮದುವೆಯ ಖರ್ಚು ಯಾವಾಗ ಹದ ತಪ್ಪಿತು ಎಂದು ತಿಳಿಯಬೇಕಾದರೆ ಮಾತ್ರ ಗಂಡಿನ ಮೈಮೇಲಿನ ಬಟ್ಟೆಯನ್ನೇ ನೋಡಬೇಕು.

ಅಜ್ಜಿಯ ಲೆಕ್ಕದಲ್ಲಿ ಗಂಡಿನ ಬಾಬ್ತು ಎಂದು ಇರುವುದು ಒಂದೇ ಸಾಲು, ಧೋತ್ರದ ಜೋಡಿ ಒಂದು. ಅದಕ್ಕೆ ಪ್ರತಿಯಾಗಿ ಅವರ ಕಡೆಯಿಂದ ಬಂದದ್ದು ಧಾರೆ ಸೀರೆ, ತಾಳಿ. ಮುಗಿಯಿತು. ಕಚ್ಚೆ ಹಾಕಿ ಉಟ್ಟ ಧೋತ್ರ, ಹೆಗಲ ಮೇಲೆ ಶಲ್ಯ, ತಲೆಗೆ ರುಮಾಲು, ಹಣೆಗೆ ಬೆಂಡಿನ ಬಾಸಿಂಗ, ಕೈಯಲ್ಲಿ ನಿಂಬೆಹಣ್ಣು ಚುಚ್ಚಿದ ಕಠಾರಿ. ಕೂರಲು ಕರಿಕಂಬಳಿಯ ಗದ್ದಿಗೆ. ರುಮಾಲು ಊರಿನಲ್ಲಿ ಇದ್ದವರ ಮನೆಯದು, ಕಠಾರಿ ಗೌಡರ ಮನೆಯದು. ಕಂಬಳಿಗೆ ನಮ್ಮ ಜಿಲ್ಲೆಯಲ್ಲಿ ಬರವೇ? ಚಳ್ಳಕೆರೆಯ ಕಂಬಳಿ ಎಂದರೆ ನಾಡಿಗೇ ಗೊತ್ತು. ಗಂಡಿನ ಮೈಮೇಲಿದ್ದದ್ದರಲ್ಲಿ ಅರ್ಧ ಎರವಲು. ಮದುವೆ ಮುಗಿದ ಮಾರನೆಯ ದಿನ ಅದು ಇನ್ನೊಬ್ಬ ಗಂಡಿನ ಮೈಗೆ ಹೋಗುತ್ತಿತ್ತು. ಅದರಲ್ಲಿ ಯಾರಿಗೂ ಅವಮಾನವಿರಲಿಲ್ಲ.

ಅಷ್ಟೇ ಅಲ್ಲ, ಒಕ್ಕಲು ಮನೆಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿನ ತಂದೆಗೆ 'ತೆರ' ಕೊಡುವ ಪದ್ಧತಿಯಿತ್ತು. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರು ಮೈಸೂರು ಸಂಸ್ಥಾನದ ಬುಡಕಟ್ಟು ಜಾತಿಗಳ ಬಗ್ಗೆ ಹೊರತಂದ ದಪ್ಪ ಸಂಪುಟಗಳಲ್ಲಿ ಜಾತಿ ಜಾತಿಗೂ ತೆರದ ವಿವರ ಸಿಗುತ್ತದೆ. 1942ರಲ್ಲಿ ಎಂ.ಎನ್. ಶ್ರೀನಿವಾಸರು ಮೈಸೂರಿನ ಮದುವೆ ಮತ್ತು ಕುಟುಂಬದ ಬಗ್ಗೆ ಪುಸ್ತಕ ಬರೆಯುವ ಹೊತ್ತಿಗೆ ಗಾಳಿ ತಿರುಗತೊಡಗಿತ್ತು. ಇಂಗ್ಲಿಷ್ ಓದಿ ಸರ್ಕಾರಿ ಕೆಲಸ ಹಿಡಿದ ಗಂಡಿಗೆ ಬೆಲೆ ಕಟ್ಟುವ ವರದಕ್ಷಿಣೆ ಮೊದಲು ಪಟ್ಟಣದ ಓದಿದ ಜಾತಿಗಳಲ್ಲಿ ಬೆಳೆಯಿತು, ಆಮೇಲೆ ಒಂದೊಂದೇ ಮೆಟ್ಟಿಲು ಇಳಿದು ಎಲ್ಲರ ಮನೆಗೂ ಬಂತು. ನಮ್ಮ ಮನೆಗೆ ಅದು ಬಂದದ್ದು ಕೋಟಿನ ವೇಷದಲ್ಲಿ.

ಅಪ್ಪ ಅಮ್ಮನ ಮದುವೆ 1967ರಲ್ಲಿ. ಆಗಲೂ ಚಪ್ಪರವೇ. ಹಿರಿಯೂರಿನಿಂದ ಬಂದ ಫೋಟೋದವನು ತೆಗೆದ ಒಂದೇ ಒಂದು ಚಿತ್ರ ಉಳಿದಿದೆ. ಅಪ್ಪ ಪಂಚೆಯ ಮೇಲೆ ಕರಿ ಕೋಟು ಹಾಕಿ ನಿಂತಿದ್ದಾರೆ, ಕೋಟಿನ ತೋಳು ಬೆರಳ ಗೆಣ್ಣಿನವರೆಗೆ ಇಳಿದಿದೆ. ಅದು ಊರಿನ ಅಂಚೆ ಮಾಸ್ತರರ ಕೋಟು. ಆ ವರ್ಷ ಊರಿನ ಎಲ್ಲ ಗಂಡುಗಳ ಫೋಟೋದಲ್ಲೂ ಅದೇ ಕೋಟು ಎಂದು ಅಮ್ಮ ನಗುತ್ತಿದ್ದರು. ಆಸೆ ಬಂದಿತ್ತು, ಆದರೆ ಇನ್ನೂ ಎರವಲಿನಲ್ಲೇ ತೀರುತ್ತಿತ್ತು.

1961 ಒಂದು ತಮಾಷೆಯ ವರ್ಷ. ಬೆಂಗಳೂರಿನಲ್ಲಿ ಎಚ್.ಎಂ.ಟಿ. ಕೈಗಡಿಯಾರ ತಯಾರಾಗತೊಡಗಿದ್ದು ಅದೇ ವರ್ಷ, ದೆಹಲಿಯಲ್ಲಿ ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದೂ ಅದೇ ವರ್ಷ. ನಮ್ಮಲ್ಲಿ ಗೆದ್ದದ್ದು ಗಡಿಯಾರ. 1970ರ ದಶಕ ಮುಗಿಯುವಷ್ಟರಲ್ಲಿ ನನ್ನ ಚಿಕ್ಕಮ್ಮಂದಿರ ಮದುವೆ ಮಾತುಕತೆಯಲ್ಲಿ ವಾಚು, ಉಂಗುರ, ಸೂಟು ಎಂಬ ಮೂರು ಮಾತು ಮಂತ್ರದ ಹಾಗೆ ಒಟ್ಟಿಗೇ ಬರುತ್ತಿದ್ದವು. ಕಾಯ್ದೆ ಏನು ಮಾಡುತ್ತಿತ್ತು ಎನ್ನುತ್ತೀರಾ? ಮೂಲ ಕಾಯ್ದೆಯಲ್ಲೇ ಒಂದು ವಿವರಣೆಯಿತ್ತು. ಮದುವೆಯಲ್ಲಿ ಕೊಡುವ ನಗದು, ಒಡವೆ, ಬಟ್ಟೆ ಮುಂತಾದ ಉಡುಗೊರೆಗಳು ಮದುವೆಯ ಪ್ರತಿಫಲವಾಗಿ ಕೊಟ್ಟವಲ್ಲದಿದ್ದರೆ ವರದಕ್ಷಿಣೆಯಲ್ಲ ಎಂದು. ಪ್ರತಿಫಲವಾಗಿಯೇ ಕೊಟ್ಟೆವು ಎಂದು ಯಾವ ಹೆಣ್ಣಿನ ತಂದೆ ಬಾಯಿಬಿಟ್ಟಾನು? ಆ ಬಾಗಿಲಿನಿಂದ ಸೂಟು ರಾಜಾರೋಷವಾಗಿ ಒಳಗೆ ಬಂತು. 1984ರ ತಿದ್ದುಪಡಿಯಲ್ಲಿ ಆ ವಿವರಣೆಯನ್ನು ತೆಗೆದರು. ಕೇಳದೆ ಕೊಟ್ಟ ಉಡುಗೊರೆಯಾದರೂ ಪಟ್ಟಿ ಮಾಡಿ, ಮೌಲ್ಯ ಬರೆದು, ಗಂಡು ಹೆಣ್ಣು ಇಬ್ಬರೂ ಸಹಿ ಮಾಡಿ ಇಟ್ಟುಕೊಳ್ಳಬೇಕೆಂಬ ನಿಯಮ 1985ರ ಅಕ್ಟೋಬರ್ 2ರಿಂದ ಜಾರಿಗೆ ಬಂತು. ಇದನ್ನು ಪಾಲಿಸಿದ ಮದುವೆಯನ್ನು ನೀವು ನೋಡಿದ್ದೀರಾ?

ನನ್ನ ಮದುವೆ 1994ರಲ್ಲಿ, ಚಿತ್ರದುರ್ಗದ ಒಂದು ಕಲ್ಯಾಣ ಮಂಟಪದಲ್ಲಿ. ಅಷ್ಟು ಹೊತ್ತಿಗೆ ಅಂಗಳವಿಲ್ಲದ ಬಾಡಿಗೆ ಮನೆಗಳು ಬಂದಿದ್ದವು, ರಜೆ ಸಿಗದ ನೌಕರಿಗಳು ಬಂದಿದ್ದವು, ಹದಿನೈದು ದಿನ ಗರಿ ಹೆಣೆಯಲು ಯಾರಿಗೂ ಬಿಡುವಿರಲಿಲ್ಲ. ನಲ್ಲಿ ತಿರುವಿದರೆ ನೀರು, ಗುಂಡಿ ಒತ್ತಿದರೆ ದೀಪ, ಅಡಿಗೆಗೆ ಭಟ್ಟರು. ಅಮ್ಮ ಮೊದಲ ಬಾರಿಗೆ ಒಂದು ಮದುವೆಯಲ್ಲಿ ಸೀರೆಯ ಮಡಿಕೆ ಕೆಡದಂತೆ ಕುರ್ಚಿಯ ಮೇಲೆ ಕೂತಿದ್ದರು. ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಛತ್ರ ಎಂದರೆ ಒಂದು ಕಾಲಕ್ಕೆ ದಾರಿಹೋಕರಿಗೆ ಪುಕ್ಕಟೆ ನೆರಳು ಕೊಡುತ್ತಿದ್ದ ಧರ್ಮದ ಜಾಗ. ಅದೇ ಹೆಸರು ಹೊತ್ತ ಕಟ್ಟಡ ಗಂಟೆಗಿಷ್ಟು ಎಂದು ಬಾಡಿಗೆ ಎಣಿಸತೊಡಗಿತ್ತು. ಹಾಲ್ ದೊಡ್ಡದಾದಷ್ಟೂ ತುಂಬಿಸಲು ಜನ ಬೇಕು, ಜನ ಬಂದಷ್ಟೂ ಎಲೆ ಬೇಕು. ಆರತಕ್ಷತೆ ಎಂಬ ಇನ್ನೊಂದು ಸಂಜೆ ಸೇರಿಕೊಂಡಿತು, ಆ ಸಂಜೆಗೆ ಸೂಟು ಬೇಕಾಯಿತು.

ಸೂಟಿನ ಬಟ್ಟೆ ತರಲು ದಾವಣಗೆರೆಗೆ ಹೋದೆವು. ಆಗ ದಾವಣಗೆರೆ ನಮ್ಮ ಜಿಲ್ಲೆಯದೇ, ಬೇರೆಯಾದದ್ದು 1997ರಲ್ಲಿ. ಗಂಡಿನ ಅಣ್ಣಂದಿರು ಬಟ್ಟೆಯ ಅಂಚು ಹೊಸಕಿ ಹೊಸಕಿ ನೋಡುತ್ತಿದ್ದರು, ಅಪ್ಪ ದುಡ್ಡಿನ ಚೀಲ ಹಿಡಿದು ಬಾಗಿಲ ಹತ್ತಿರ ನಿಂತಿದ್ದರು. ಅವರು ಒಳಗೆ ಬಂದು ಕೂರಲಿಲ್ಲ, ಯಾರೂ ಕೂರಿ ಎನ್ನಲಿಲ್ಲ. ಆ ಮದುವೆಗೆ ಹೋದದ್ದು ಹುಣಸೆ ಮರಗಳಿದ್ದ ಎರಡು ಎಕರೆ. ನಮ್ಮವರು ಆ ಸೂಟನ್ನು ಹಾಕಿದ್ದು ಮೂರು ಸಲ. ಒಳ್ಳೆಯ ಮನುಷ್ಯರು, ಈಗ ಅದರ ಮಾತೆತ್ತಿದರೆ ಪೇಪರು ಓದತೊಡಗುತ್ತಾರೆ. ಹುಣಸೆ ಮರಗಳನ್ನು ಕೊಂಡವರು ಇವತ್ತಿಗೂ ವರ್ಷ ವರ್ಷ ಹಣ್ಣು ಬಡಿಸುತ್ತಾರೆ.

ಈ ದಾರಿ ಸರಿಯಲ್ಲ ಎಂದು ಹೇಳಿದವರು ನಮ್ಮ ನಾಡಿನಲ್ಲಿ ಇಲ್ಲದೆ ಇರಲಿಲ್ಲ. ಕುವೆಂಪು ಅವರು ರೂಪಿಸಿದ ಮಂತ್ರ ಮಾಂಗಲ್ಯದಂತೆ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆ ನಡೆದದ್ದು 1966ರಲ್ಲಿ, ಅಂಚೆ ಮಾಸ್ತರರ ಕೋಟು ಊರು ಸುತ್ತುತ್ತಿದ್ದ ಕಾಲದಲ್ಲೇ. ರೈತ ಸಂಘ ಬೆಳೆದ ದಿನಗಳಲ್ಲಿ ಹಸಿರು ಶಾಲು ಹೊದ್ದ ಗಂಡು ಹಾರ ಬದಲಿಸಿಕೊಂಡು ಮದುವೆಯಾದದ್ದನ್ನು ನಾನೇ ಕಂಡಿದ್ದೇನೆ, ಎಷ್ಟು ಚೆನ್ನಾಗಿ ಕಾಣುತ್ತಿದ್ದ! ಧರ್ಮಸ್ಥಳದಲ್ಲಿ ಸಾಮೂಹಿಕ ವಿವಾಹ ಶುರುವಾದದ್ದು 1972ರಲ್ಲಿ. ಚಿತ್ರದುರ್ಗದ ಮುರುಘಾ ಮಠದಲ್ಲಿ 1990ರ ದಶಕದ ಆರಂಭದಿಂದ ತಿಂಗಳು ತಿಂಗಳು 5ನೇ ತಾರೀಕು ಸಾಮೂಹಿಕ ಮದುವೆ ನಡೆಯುತ್ತ ಬಂತು. ಜಾತಿ ಬೇರೆಯಾದ ಜೋಡಿಗಳಿಗೆ, ತಂದೆಯಿಲ್ಲದ ಹುಡುಗಿಯರಿಗೆ ಅದು ಎಂಥ ಆಸರೆಯೆಂದು ನನ್ನ ಹಳೆಯ ವಿದ್ಯಾರ್ಥಿನಿಯರನ್ನು ಕೇಳಬೇಕು. ಸರ್ಕಾರ 2019ರಲ್ಲಿ ಪ್ರಕಟಿಸಿದ ಸಪ್ತಪದಿ ಯೋಜನೆಯಲ್ಲಿ ಜೋಡಿಗೆ 55,000 ರೂಪಾಯಿ. ಅದರಲ್ಲಿ ತಾಳಿ ಗುಂಡಿಗೆ 40,000, ಹೆಣ್ಣಿನ ಸೀರೆ ಹಾರಕ್ಕೆ 10,000, ಗಂಡಿನ ಹಾರ, ಪಂಚೆ, ಶರ್ಟು, ಶಲ್ಯಕ್ಕೆ 5,000. ಒಬ್ಬ ಗಂಡು ಮರ್ಯಾದೆಯಾಗಿ ಮದುವೆಯಾಗಲು 5,000 ರೂಪಾಯಿಯ ಬಟ್ಟೆ ಸಾಕು ಎಂದು ಸರ್ಕಾರವೇ ಬರೆದುಕೊಟ್ಟಂತಾಯಿತು. ಆದರೂ ಮಧ್ಯಮ ವರ್ಗದವರು ನಾವು ಇವುಗಳನ್ನು ಮೆಚ್ಚಿ ಭಾಷಣ ಮಾಡಿದೆವೇ ಹೊರತು ನಮ್ಮ ಮನೆಯ ಮಕ್ಕಳನ್ನು ಕಳಿಸಲಿಲ್ಲ. ಅದು ಬಡವರಿಗೆ ಎಂದುಕೊಂಡೆವು.

ಆಮೇಲೆ 2020 ಬಂತು. ಕೊರೊನಾ ಕಾಲದಲ್ಲಿ ಮದುವೆಗೆ 50 ಜನ ಮಾತ್ರ ಎಂದು ಆಜ್ಞೆಯಾದಾಗ ಕಲ್ಯಾಣ ಮಂಟಪಗಳಿಗೆ ಬೀಗ ಬಿತ್ತು, ಹಳ್ಳಿ ಮನೆಗಳ ಅಂಗಳಕ್ಕೆ ಮತ್ತೆ ಹಾಲುಗಂಬ ಬಂತು. ದೊಡ್ಡವರ ಮಕ್ಕಳ ಮದುವೆಗಳೂ ಸೋಗೆಯ ಕೆಳಗೆ ನಡೆದುಹೋದವು. ಹಾಗೆ ಆದ ಮದುವೆಗಳು ಮುರಿದುಬಿದ್ದ ಸುದ್ದಿಯೇನೂ ಬರಲಿಲ್ಲ.

ನನ್ನ ಮಗಳ ಮದುವೆ ಗೊತ್ತಾದದ್ದು 2023ರ ಕೊನೆಯಲ್ಲಿ. 2022ರಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದು ನಾವೆಲ್ಲ ಬಾಗಿನ ಕೊಡುವ ಸಂಭ್ರಮದಲ್ಲಿದ್ದೆವು. ಮರುವರ್ಷವೇ ಮಳೆ ಕೈಕೊಟ್ಟು ಬರ ಬಂತು. ನನ್ನ ತಮ್ಮನ ತೆಂಗಿನ ತೋಟ ಹೊಸದುರ್ಗದ ಹತ್ತಿರ. ಮದುವೆಗೆ ಕೈಲಾದಷ್ಟು ಕೊಡುತ್ತೇನೆಂದಿದ್ದವನು ಬತ್ತಿದ ಕೊಳವೆಬಾವಿಯ ಮುಂದೆ ತಲೆ ತಗ್ಗಿಸಿ ನಿಂತಿದ್ದ. ಚಿತ್ರದುರ್ಗದಲ್ಲಿ ಛತ್ರದ ಬಾಡಿಗೆಯೊಂದನ್ನೇ ಒಂದೂವರೆ ಲಕ್ಷ ಕೇಳಿದರು. ಆಗ ಮಗಳೇ ಅಂದಳು, "ಮಾವನ ತೋಟ ಇದೆಯಲ್ಲಮ್ಮ, ಅಲ್ಲೇ ಮಾಡೋಣ." ಅವಳ ತಲೆಯಲ್ಲಿ ಇದ್ದದ್ದು ಮೊಬೈಲಿನಲ್ಲಿ ನೋಡಿದ ಚಿತ್ರ. ನನ್ನ ತಲೆಯಲ್ಲಿ ಬಂದದ್ದು ಅಜ್ಜಿಯ ಲೆಕ್ಕದ ಕೊನೆಯ ಪುಟ.

ತೋಟದ ಮದುವೆ ಮಾಡಬೇಕೆಂದಿರುವವರಿಗೆ ಕೆಲವು ಮಾತು ಹೇಳಿಬಿಡುತ್ತೇನೆ. ತೆಂಗಿನ ತೋಟವಾದರೆ ಎಲ್ಲಕ್ಕಿಂತ ಮೊದಲು ಕಾಯಿ ಕೀಳಿಸಿ, ಒಣಗಿದ ಗರಿ ಮಟ್ಟೆ ಇಳಿಸಿ. ಬೀಗರ ತಲೆಯ ಮೇಲೆ ಕಾಯಿ ಬಿದ್ದರೆ ಯಾವ ಬಜೆಟ್ಟೂ ಸಾಲದು! ನಾವು ಕಿತ್ತ ಕಾಯಿ ಅಡಿಗೆಗೂ ತಾಂಬೂಲಕ್ಕೂ ಆಯಿತು, ಗರಿ ಚಪ್ಪರಕ್ಕಾಯಿತು. ನೆಲಕ್ಕೆ ಕಾರ್ಪೆಟ್ ಹಾಸಬೇಡಿ, ಅದರಡಿಯ ದೂಳು ಮೇಲೇಳುತ್ತದೆ. ಮಟ್ಟ ಮಾಡಿ ನೀರು ಚಿಮುಕಿಸಿ ಸಗಣಿ ಸಾರಿಸಿದರೆ ರಂಗೋಲಿಯೂ ಎದ್ದು ಕಾಣುತ್ತದೆ. ಮುಹೂರ್ತ ಬೆಳಿಗ್ಗೆ ಒಂಬತ್ತೂವರೆಯೊಳಗೆ ಇರಲಿ, ಹನ್ನೊಂದರ ಬಿಸಿಲಿನಲ್ಲಿ ಹೋಮದ ಹೊಗೆ ಕುಡಿದು ಹೆಣ್ಣುಗಂಡು ಬಾಡಿ ಹೋಗುತ್ತಾರೆ. ಅಡಿಗೆಯ ಒಲೆಯನ್ನು ಗಾಳಿ ಬೀಸುವ ದಿಕ್ಕಿನ ಕೆಳಬದಿಗೆ, ಚಪ್ಪರದಿಂದ ದೂರ ಹೂಡಬೇಕು. ನೀರಿನ ಟ್ಯಾಂಕರ್ ಎರಡು ಹೇಳಿ, ಒಂದು ಸಾಲದು. ವಯಸ್ಸಾದವರಿಗೆ, ಮಕ್ಕಳ ತಾಯಂದಿರಿಗೆ ಹತ್ತಿರದಲ್ಲೇ ಶೌಚಾಲಯ ಇರಲೇಬೇಕು. ಹೂವಿನ ಖರ್ಚು ಬಿಟ್ಟಾದರೂ ಇದಕ್ಕೆ ಖರ್ಚು ಮಾಡಿ. ಹೂವು ಹಿರಿಯೂರಿನಿಂದ ತಂದ ಸೇವಂತಿಗೆ, ಉಳಿದದ್ದು ಮಾವಿನ ತೋರಣ, ಬಾಳೆಕಂದು, ಹೊಂಬಾಳೆ. ಊಟಕ್ಕೆ ಬಾಳೆ ಎಲೆ, ತಿಂಡಿಗೆ ಹೊಳಲ್ಕೆರೆ ಕಡೆಯ ಅಡಿಕೆ ಹಾಳೆಯ ತಟ್ಟೆ. ಕರೆದದ್ದು 350 ಜನ. ಚಪ್ಪರ ಹಾಕಿದವರಿಗೆ ಕೂಲಿಯೂ ಕೊಟ್ಟೆವು, ಮೊದಲ ಪಂಕ್ತಿಯಲ್ಲಿ ಎಲೆಯನ್ನೂ ಹಾಕಿಸಿದೆವು. ಒಬ್ಬಿಬ್ಬರು ಹಿರಿಯರು ಎರಡನೇ ಪಂಕ್ತಿಗೆ ಕೂರುತ್ತೇವೆಂದು ಎದ್ದು ಹೋದರು. ನಾನು ತಡೆಯಲಿಲ್ಲ.

ಇಷ್ಟೆಲ್ಲ ಸಲೀಸಾಗಿ ಆಗುತ್ತಿರುವಾಗ ಗಂಟು ಬಿದ್ದದ್ದು ಗಂಡಿನ ಬಟ್ಟೆಗೆ. ಹುಡುಗ ಹೊಳಲ್ಕೆರೆಯವನು, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ತನ್ನ ಬಟ್ಟೆಗೆ ತಾನೇ ಕೊಡುತ್ತೇನೆ ಎಂದ. ಅವನ ತಾಯಿ, ನಮ್ಮ ಬೀಗಿತ್ತಿ, ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ತೋಟದಾಗೆ ಮಾಡ್ತೀವಿ ಅಂದ್ರಿ, ಆಯ್ತು ಅಂದ್ವಿ. ಈಗ ಗಂಡಿಗೆ ಒಂದು ಸೂಟೂ ಕೊಡ್ಲಿಲ್ಲ ಅಂದ್ರೆ ನಾಕು ಜನ ಏನಂತಾರೆ? ನನ್ನ ಮಗನ್ನ ಅಷ್ಟು ಸಸಾರ ಮಾಡಿದ್ರೆ?" ಅವರ ದನಿಯಲ್ಲಿ ದುರಾಸೆ ಇರಲಿಲ್ಲ, ಅಳುಕಿತ್ತು. ಗಂಡ ತೀರಿಕೊಂಡ ಮೇಲೆ ಮಗನನ್ನು ಒಬ್ಬರೇ ಓದಿಸಿದವರು. ತಾನು ಗಂಡಿಲ್ಲದ ಮನೆಯವಳೆಂದು ಜನ ಹಗುರ ಮಾಡಿಯಾರು ಎಂಬ ಭಯ ಅದು. ಸೂಟು ಕೇಳುವ ಬಾಯಿಯ ಹಿಂದೆ ಎಷ್ಟೋ ಸಲ ಇಂಥ ಭಯವೇ ಇರುತ್ತದೆ. ಅತ್ತ ಹುಡುಗನ ಗೆಳೆಯರು ಶೇರ್ವಾನಿಯ ಆಸೆ ಹುಟ್ಟಿಸಿದ್ದರು. ಕೊಳ್ಳುವುದಾದರೆ 28,000, ಒಂದು ದಿನದ ಬಾಡಿಗೆ 6,000. ಮಖಮಲ್ಲಿನ ಆ ನಿಲುವಂಗಿಯಲ್ಲಿ ನಮ್ಮ ಬಯಲಿನ ಬಿಸಿಲಿಗೆ ಹುಡುಗ ಹುರಿದ ಕಡಲೆಕಾಯಿಯಾಗುತ್ತಿದ್ದ. ನಮ್ಮವರು ಪೇಪರಿನಿಂದ ತಲೆಯೆತ್ತಿ, "ಕೊಟ್ಟುಬಿಡೋಣ, ಹೋಗಲಿ" ಎಂದರು. ನನಗೆ ಬಾಗಿಲ ಹತ್ತಿರ ನಿಂತಿದ್ದ ಅಪ್ಪ ಕಂಡರು. ಕೊಡುವುದಿಲ್ಲ ಎಂದೆ.

ಮುಯ್ಯಿ ಪುಸ್ತಕ ಚೀಲಕ್ಕೆ ಹಾಕಿಕೊಂಡು ಹೊಳಲ್ಕೆರೆ ಬಸ್ಸು ಹತ್ತಿದೆ. ಬೀಗಿತ್ತಿಯ ಅಡಿಗೆಮನೆಯಲ್ಲಿ ಕೂತು 1948ರ ಆ ಒಂದು ಸಾಲು ಓದಿ ಹೇಳಿದೆ. ನಮ್ಮಿಂದ ಧೋತ್ರದ ಜೋಡಿ, ನಿಮ್ಮಿಂದ ಧಾರೆ ಸೀರೆ, ಇದೇ ಶಾಸ್ತ್ರ. ಸೂಟು ಎಂಬುದು ಯಾವ ಶಾಸ್ತ್ರದಲ್ಲೂ ಇಲ್ಲ ಎಂದೆ. ಅವರು ಪುಸ್ತಕವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಆ ಮೋಡಿ ಅಕ್ಷರ ಅವರಿಗೆ ಓದಲು ಬರುತ್ತಿರಲಿಲ್ಲ. ಆಮೇಲೆ ಒಳಗೆ ಹೋಗಿ ಒಂದು ಹಳೆಯ ಪೆಟ್ಟಿಗೆಯಿಂದ ಬಿಳಿ ಬಟ್ಟೆಯಲ್ಲಿ ಸುತ್ತಿದ ಗಂಟು ತಂದರು. ಮಾವನವರ ಜರಿ ರುಮಾಲು. ಒಂದು ಕಡೆ ಬೆರಳುದ್ದ ಹರಿದಿತ್ತು, ಜರಿ ಕಪ್ಪಾಗಿರಲಿಲ್ಲ. "ಇದನ್ನ ಯಾರೂ ಕೇಳೋರೇ ಇರ್ಲಿಲ್ಲ" ಎಂದರು.

ಹಾಗೆ ನಿಂತಿತು ಗಂಡಿನ ಉಡುಪು. ಅಂಚಿನ ಹತ್ತಿ ಪಂಚೆ ಶಲ್ಯದ ಜೋಡಿ ನಮ್ಮ ಕಡೆಯಿಂದ, 3,800 ರೂಪಾಯಿ. ತೆಳು ಹಳದಿ ಬಣ್ಣದ ಖಾದಿ ಜುಬ್ಬ ಅವನದೇ ದುಡ್ಡು, ಹೊಲಿಗೆಯೂ ಸೇರಿ 2,200. ಧಾರೆ ಸೀರೆ ಅವರ ಕಡೆಯಿಂದ, ನಮ್ಮ ಜಿಲ್ಲೆಯದೇ ಮೊಳಕಾಲ್ಮೂರು ರೇಷ್ಮೆ. ಖಾದಿ ಎಂದರೆ ಮೂಗೆಳೆದ ಮಗಳ ಗೆಳತಿಯರಿಗೆ ಒಂದು ಮಾತು ಹೇಳಿದೆ. ಆನಂದ ಭವನದಂಥ ಮನೆಯ ಮಗಳು ಇಂದಿರಾ 1942ರಲ್ಲಿ ಮದುವೆಯಾದಾಗ ಉಟ್ಟದ್ದು ತಂದೆ ಸೆರೆಮನೆಯಲ್ಲಿ ನೂತ ನೂಲಿನ ಸೀರೆ. ಅವರಿಗೆ ಇಲ್ಲದ ನಾಚಿಕೆ ನಮಗೇಕೆ?

ರುಮಾಲು ಸುತ್ತಲು ಮನೆಯ ಗಂಡಸರಲ್ಲಿ ಒಬ್ಬರಿಗೂ ಬರಲಿಲ್ಲ. ಕೊನೆಗೆ ಹೊಳಲ್ಕೆರೆಯಿಂದ ಎಂಬತ್ತು ದಾಟಿದ ಅಜ್ಜರೊಬ್ಬರನ್ನು ಕಾರಿನಲ್ಲಿ ಕರೆತಂದರು. ಅವರು ಹುಡುಗನನ್ನು ಮಣೆಯ ಮೇಲೆ ಕೂರಿಸಿ, ತಮ್ಮ ಮೊಣಕಾಲಿಗೆ ಒಂದು ತುದಿ ಸಿಕ್ಕಿಸಿಕೊಂಡು, ಹರಿದ ಜಾಗ ಒಳಮಡಿಕೆಗೆ ಹೋಗುವಂತೆ ಸುತ್ತು ಸುತ್ತಾಗಿ ಕಟ್ಟಿದರು. ಹತ್ತಿರ ಹತ್ತಿರ ಅರ್ಧ ಗಂಟೆ ಹಿಡಿಯಿತು. ಹುಡುಗರೆಲ್ಲ ಸುತ್ತ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ಬಾಸಿಂಗ ಕಟ್ಟಿ, ಕಠಾರಿ ಹಿಡಿದು, ಕಂಬಳಿ ಗದ್ದಿಗೆಯ ಮೇಲೆ ಅವನು ಕೂತಾಗ ಬೀಗಿತ್ತಿ ಸೆರಗಿನಿಂದ ಕಣ್ಣೊತ್ತಿಕೊಂಡದ್ದನ್ನು ನಾನು ನೋಡಿದೆ. ನಾಲ್ಕು ಜನ ಏನಾದರೂ ಅಂದಿರಬಹುದು, ನಮ್ಮ ಕಿವಿಗೆ ಬೀಳಲಿಲ್ಲ.

ಒಡವೆ ಬಿಟ್ಟು ಒಟ್ಟು ಖರ್ಚು ಮೂರೂವರೆ ಲಕ್ಷದೊಳಗೆ ಮುಗಿಯಿತು, ಸಾಲವಾಗಲಿಲ್ಲ. ಊಟವಾದ ಮೇಲೆ ಚಪ್ಪರದಲ್ಲೇ ಕೂತು, 1985ರ ನಿಯಮದಲ್ಲಿ ಹೇಳಿದಂತೆ, ಕೊಟ್ಟದ್ದು ಬಂದದ್ದರ ಪಟ್ಟಿ ಬರೆದೆವು. ಒಂದು ಪ್ರತಿ ಅವರಿಗೆ, ಒಂದು ನಮಗೆ. ಗಂಡು ಹೆಣ್ಣು ಸಹಿ ಹಾಕುವಾಗ ಇದೇನು ಮೇಡಂ ಹಾಜರಿ ತೆಗೆದುಕೊಳ್ಳುತ್ತಿದ್ದಾರೆ ಎಂದು ಯಾರೋ ನಗೆಯಾಡಿದರು. ಪಟ್ಟಿಯ ಕೊನೆಗೆ ನಾನು ಗರಿ ಹೆಣೆದವರು, ಬಡಿಸಿದವರು, ಪಾತ್ರೆ ಕೊಟ್ಟ ಮನೆಗಳು, ಗುಣಿ ತೋಡಿದ ನಾಲ್ವರ ಹೆಸರು ಎಲ್ಲ ಸೇರಿಸಿದೆ. ಅವರಲ್ಲಿ ಒಬ್ಬನ ಮಗಳಿಗೆ ಬರುವ ವರ್ಷ ಮದುವೆ ಎಂದು ತಮ್ಮ ಹೇಳಿದ, ಆ ಮನೆಗೆ ಏನು ಮುಯ್ಯಿ ಹೋಗಬೇಕೆಂದು ಈಗಲೇ ಲೆಕ್ಕ ಹಾಕಿದ್ದಾನೆ.

ರುಮಾಲು ಪೆಟ್ಟಿಗೆಗೆ ವಾಪಸು ಹೋಗಲಿಲ್ಲ. ಆ ವೈಶಾಖದಲ್ಲಿ ಹಿರಿಯೂರಿನಲ್ಲಿ ಹುಡುಗನ ದಾಯಾದಿ ತಮ್ಮನ ಮದುವೆಗೆ ಕೇಳಿ ತೆಗೆದುಕೊಂಡು ಹೋದರು. ಕೊಡುವಾಗ ಬೀಗಿತ್ತಿ, "ಒಗೀಬ್ಯಾಡಿ, ನೆಳ್ಳಾಗೆ ಆರ್ಸಿ, ಮಡಿಕೆ ಮುರೀದಂಗೆ ತಂದ್ಕೊಡಿ" ಎಂದು ಎರಡೆರಡು ಸಲ ಹೇಳಿ ಕಳಿಸಿದರಂತೆ.